ಪಬ್ಬಿನ ಮೂಲೆಯಲ್ಲಿ ನಮ್ಮ ಹಾಡು

ವಾರವಿಡೀ ದುಡಿದು, ಶನಿವಾರ ರಾತ್ರಿ ಗಿಟಾರ್, ಕೀಬೋರ್ಡ್ ಹೊತ್ತು ದುಬೈನ ಹೋಟೆಲ್ ಪಬ್ಬಿಗೆ ಹೋಗುವ ಹವ್ಯಾಸಿಗಳು ನಾವು. ಸಂಘದ ರಾಜ್ಯೋತ್ಸವದಲ್ಲಿ ತಾಳ ತಪ್ಪಿದರೂ ನಮ್ಮವರು ಚಪ್ಪಾಳೆ ತಟ್ಟುತ್ತಾರೆ. ಪಬ್ಬಿನಲ್ಲಿ ಮಾತು, ಫುಟ್‌ಬಾಲ್ ಮ್ಯಾಚು ಮೊದಲು, ಹಾಡು ಆಮೇಲೆ. ಯಾರೂ ಕೇಳದಿದ್ದರೂ ಶ್ರುತಿ ಬಿಡದೆ ಹಾಡುವುದನ್ನು ನಾವು ಕಲಿತದ್ದು ಅಲ್ಲಿಯೇ.

ಆಸೆಯಿರುವ ಗೆಳೆಯರಿಗೆ ಒಂದು ಕಿವಿಮಾತು. ಇಲ್ಲಿ ಕಲಾವಿದರ ಪರವಾನಗಿ ಇಲ್ಲದೆ ವೇದಿಕೆ ಹತ್ತಬೇಡಿ. ಹೋಟೆಲಿನವರಿಂದ ಅದನ್ನು ಮಾಡಿಸಿಕೊಳ್ಳಿ, ನಿಮ್ಮ ಕಂಪನಿಯ ಒಪ್ಪಿಗೆಯನ್ನೂ ಪಡೆಯಿರಿ. “ಒಂದೇ ಹಾಡು, ಯಾರು ಕೇಳ್ತಾರೆ?” ಎಂದರೆ ನಂಬಬೇಡಿ. ಊರಲ್ಲಿ ನಮ್ಮ ಸಂಬಳಕ್ಕೆ ಕಾಯುವವರಿದ್ದಾರೆ. ವೀಸಾಕ್ಕಿಂತ ಹಾಡು ದೊಡ್ಡದಲ್ಲ.

ಕಾಗದಪತ್ರ ಸರಿಯಿದ್ದರೆ ಧೈರ್ಯವಾಗಿ ಹಾಡಿ. ಕೊನೆಯದೊಂದು ಕನ್ನಡದ್ದಿರಲಿ. ಗಿರಾಕಿಗಳು ಕೇಳದಿದ್ದರೂ, ಟ್ರೇ ಹಿಡಿದ ಕುಂದಾಪುರದ ಹುಡುಗನೊಬ್ಬ ತಿರುಗಿ ನೋಡಿಯಾನು.