ಜಾತ್ರೆಯ ಕುಂಕುಮ ಮತ್ತು ಬದಲಾಗುವ ಕಾನೂನು

ಮಹಾಲಯ ಅಮಾವಾಸ್ಯೆ, ದೀಪಾವಳಿ, ಶಿವರಾತ್ರಿ, ಯುಗಾದಿ ಬಂತೆಂದರೆ ಕೊಳ್ಳೇಗಾಲದಿಂದ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ರಸ್ತೆ ಭಕ್ತರಿಂದ ತುಂಬಿಹೋಗುತ್ತದೆ. ಹಿಂದಿರುಗುವವರ ಚೀಲದಲ್ಲಿ ಲಾಡು ಪ್ರಸಾದ, ವಿಭೂತಿ ಮತ್ತು ಅಂಗಡಿಯಲ್ಲಿ ಕೊಂಡ ಕುಂಕುಮದ ಪೊಟ್ಟಣ ಇರುವುದು ವಾಡಿಕೆ. ಲಾಡು ಆಹಾರ ಸುರಕ್ಷತಾ ಕಾಯ್ದೆಗೆ ಒಳಪಡುತ್ತದೆಂಬುದು ಬಹುತೇಕ ಎಲ್ಲರಿಗೂ ತಿಳಿದಿದೆ. ಆದರೆ ಹಣೆಗಿಡುವ ಕುಂಕುಮವೂ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940ರ ವ್ಯಾಪ್ತಿಗೆ ಬರುವ ವಸ್ತುವೆಂಬುದು ಮಾರುವವರಿಗೂ ಕೊಳ್ಳುವವರಿಗೂ ಅಷ್ಟಾಗಿ ತಿಳಿದಂತಿಲ್ಲ.

ಈ ಕಾಯ್ದೆಯಡಿ ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಕಾಂತಿವರ್ಧಕಗಳಿಗೆಂದೇ ಪ್ರತ್ಯೇಕ ನಿಯಮಾವಳಿಯನ್ನು ಜಾರಿಗೆ ತಂದಿತು. ಅದಕ್ಕೆ ಮೊದಲು ಇವು 1945ರ ನಿಯಮಗಳಲ್ಲಿ ಔಷಧಗಳ ಜೊತೆಗೇ ಸೇರಿದ್ದವು. ಕುಂಕುಮದ ಪುಡಿ, ದ್ರವರೂಪದ ಬಿಂದಿ, ಮೆಹಂದಿ ಪುಡಿ ಎಲ್ಲವೂ ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿದ ಗುಣಮಟ್ಟಕ್ಕೆ ಅನುಗುಣವಾಗಿರಬೇಕು. ಬಳಸುವ ಬಣ್ಣದಲ್ಲಿ ಸೀಸದ ಅಂಶ ದಶಲಕ್ಷಕ್ಕೆ 20 ಭಾಗ, ಆರ್ಸೆನಿಕ್ 2 ಭಾಗವನ್ನು ಮೀರಕೂಡದು. ತಯಾರಕನಿಗೆ ಪರವಾನಗಿ, ರಸಾಯನಶಾಸ್ತ್ರವನ್ನಾದರೂ ಓದಿದ ಒಬ್ಬ ಪೂರ್ಣಾವಧಿ ಮೇಲ್ವಿಚಾರಕ, ಪ್ರತಿ ತಂಡದ ಕಚ್ಚಾವಸ್ತು ಹಾಗೂ ಸಿದ್ಧವಸ್ತುವಿನ ಪರೀಕ್ಷೆ, ಅದರ ದಾಖಲೆ ಇವೆಲ್ಲ ಕಡ್ಡಾಯ.

ಸಾಂಪ್ರದಾಯಿಕ ಕುಂಕುಮಕ್ಕೆ ಬೇಕಾದ ಅರಿಶಿನಕ್ಕೆ ಚಾಮರಾಜನಗರ ಜಿಲ್ಲೆಯಲ್ಲಿ ಬರವಿಲ್ಲ. ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿದೊಡನೆ ಕೆಂಪೇರುವುದನ್ನು ನಮ್ಮ ಅಜ್ಜಿಯರು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಬಲ್ಲವರಾಗಿದ್ದರು. ಆದರೆ ಹಾಗೆ ತಯಾರಿಸಿದ ಕುಂಕುಮಕ್ಕೆ ಶ್ರಮವೂ ಹೆಚ್ಚು, ಬೆಲೆಯೂ ಹೆಚ್ಚು. ಪಿಷ್ಟದ ಪುಡಿಗೆ ಕೃತಕ ಬಣ್ಣ ಬೆರೆಸಿದರೆ ಅಲ್ಪ ಖರ್ಚಿನಲ್ಲಿ ಕಣ್ಣು ಕೋರೈಸುವ ಕೆಂಪು ಸಿಗುತ್ತದೆ. ಕುಂಕುಮದಿಂದ ಹಣೆಯಲ್ಲಿ ತುರಿಕೆ ಉಂಟಾಗಿ ಕಪ್ಪು ಕಲೆ ಉಳಿಯುವುದನ್ನು ನಮ್ಮ ಚರ್ಮವೈದ್ಯರು ಬಹುಕಾಲದಿಂದ ದಾಖಲಿಸುತ್ತ ಬಂದಿದ್ದಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ರೋಡಮೈನ್-ಬಿ ಬಣ್ಣದ ಬಳಕೆಯನ್ನು ನಿಷೇಧಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಾಲಿಗೆಗೆ ತೋರಿದ ಆ ಕಾಳಜಿ ಹಣೆಗೆ ದೊರೆಯಲಿಲ್ಲ.

ಇಲ್ಲಿ ನಿಯಮಾವಳಿಯ ಒಂದು ಲೋಪವನ್ನು ಹೇಳಲೇಬೇಕು. ಪೊಟ್ಟಣದ ಮೇಲೆ ಘಟಕಾಂಶಗಳ ಪಟ್ಟಿ ಇರಬೇಕೆಂಬ ಷರತ್ತಿನಿಂದ 30 ಗ್ರಾಂಗಿಂತ ಕಡಿಮೆ ತೂಕದ ಪುಡಿಗಳಿಗೆ ವಿನಾಯಿತಿ ನೀಡಲಾಗಿದೆ. ಚಿಕ್ಕ ಪೊಟ್ಟಣದ ಮೇಲೆ ಜಾಗವಿಲ್ಲ ಎಂಬುದು ಇದರ ಹಿಂದಿನ ತರ್ಕವಿರಬಹುದು. ಆದರೆ ಜಾತ್ರೆಯಲ್ಲಿ ಬಡವರು ಕೊಳ್ಳುವುದು ಚಿಕ್ಕ ಪೊಟ್ಟಣವನ್ನೇ. ದೊಡ್ಡ ಡಬ್ಬಿ ಕೊಳ್ಳಬಲ್ಲವನಿಗೆ ಒಳಗೇನಿದೆ ಎಂದು ತಿಳಿಯುವ ಹಕ್ಕು, ಹತ್ತು ರೂಪಾಯಿಯ ಗಿರಾಕಿಗೆ ದೇವರ ಮೇಲಿನ ಭರವಸೆ!

ತಯಾರಕರ ಕಡೆಯಿಂದ ನೋಡಿದರೆ ಸಮಸ್ಯೆಯ ಮತ್ತೊಂದು ಮುಖ ಕಾಣುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ಜೇನು ಸಂಗ್ರಹಿಸುತ್ತ ಬಂದವರು. 2006ರಲ್ಲಿ ವನ್ಯಜೀವಿ ಕಾನೂನಿನ ಕಾರಣ ಆ ಸಂಗ್ರಹಕ್ಕೆ ತಡೆ ಬಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯ ಹಕ್ಕು ದೊರೆಯಿತು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತೆಂಬುದನ್ನು ನೆನೆದರೆ ಈ ಹಕ್ಕಿನ ಮಹತ್ವ ಅರಿವಾಗುತ್ತದೆ. ಕಾಯಿಯನ್ನು ಕಾಯಿಯಾಗಿಯೇ ಲ್ಯಾಂಪ್ಸ್ ಸಹಕಾರ ಸಂಘಕ್ಕೋ ವರ್ತಕನಿಗೋ ಕೊಟ್ಟರೆ ಅದು ಕಾಡಿನ ಕಿರು ಉತ್ಪನ್ನ. ಅದನ್ನೇ ಪುಡಿಮಾಡಿ, ‘ಕೂದಲಿಗೆ’ ಎಂದು ಬರೆದು ಪೊಟ್ಟಣ ಕಟ್ಟಿದೊಡನೆ ಅದು ಶರೀರವನ್ನು ಶುಚಿಗೊಳಿಸಲು ಉದ್ದೇಶಿಸಿದ ವಸ್ತು, ಅಂದರೆ ಕಾನೂನಿನ ವ್ಯಾಖ್ಯೆಯಂತೆ ಕಾಂತಿವರ್ಧಕ. ಮೌಲ್ಯವರ್ಧನೆ ಮಾಡಿ ಎಂದು ಒಂದು ಇಲಾಖೆ ತರಬೇತಿ ಕೊಡುತ್ತದೆ. ಮಾಡಿದರೆ ಪರವಾನಗಿ ಎಲ್ಲಿ ಎಂದು ಇನ್ನೊಂದು ಇಲಾಖೆ ಕೇಳುತ್ತದೆ.

ಪರೀಕ್ಷೆಯ ಖರ್ಚು, ಮೇಲ್ವಿಚಾರಕನ ಸಂಬಳ, ದಾಖಲೆಯ ಶ್ರಮ ಇವು ಅರ್ಥಶಾಸ್ತ್ರದ ಭಾಷೆಯಲ್ಲಿ ಸ್ಥಿರ ವೆಚ್ಚಗಳು. ತಿಂಗಳಿಗೆ ಲಕ್ಷ ಪೊಟ್ಟಣ ತಯಾರಿಸುವ ಕಾರ್ಖಾನೆಗೆ ಪ್ರತಿ ಪೊಟ್ಟಣದ ಮೇಲೆ ಬೀಳುವ ಹೊರೆ ಪೈಸೆಗಳಲ್ಲಿದ್ದರೆ, ಹನೂರಿನ ಮಹಿಳಾ ಸ್ವಸಹಾಯ ಗುಂಪಿಗೆ ಅದು ಲಾಭವನ್ನೆಲ್ಲ ನುಂಗುವಷ್ಟಾಗುತ್ತದೆ. ಹಾಗಾಗಿ ಸಣ್ಣವರು ಕಾನೂನಿನ ಹೊರಗುಳಿಯುತ್ತಾರೆ, ಇಲ್ಲವೇ ಕಚ್ಚಾವಸ್ತು ಮಾರುವುದರಲ್ಲೇ ತೃಪ್ತರಾಗುತ್ತಾರೆ.

ಸಾಲದೆಂಬಂತೆ ನಿಯಮಗಳು ನಿಂತಲ್ಲಿ ನಿಲ್ಲುವುದಿಲ್ಲ. ಕಾಂತಿವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಿತು. ಪಾದರಸ ಸೇರಿಸಿದ ಕಾಂತಿವರ್ಧಕಗಳನ್ನು 2025ರೊಳಗೆ ಕೊನೆಗಾಣಿಸಬೇಕೆಂದು ಮಿನಮಾತಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿದವು. ಅದೇ ವರ್ಷ ಐರೋಪ್ಯ ಒಕ್ಕೂಟ, ಅಲರ್ಜಿ ಉಂಟುಮಾಡಬಲ್ಲ ಸುಗಂಧದ್ರವ್ಯಗಳ ಪಟ್ಟಿಯನ್ನು ಸುಮಾರು ಎರಡು ಡಜನ್‌ನಿಂದ 80ಕ್ಕೂ ಮೇಲಕ್ಕೆ ಹಿಗ್ಗಿಸಿತು. ಹೊಸ ಉತ್ಪನ್ನಗಳಿಗೆ 2026ರ ಜುಲೈ 31, ಹಳೆಯವಕ್ಕೆ 2028ರ ಜುಲೈ 31 ಅದರ ಗಡುವು. ಆ ಪಟ್ಟಿಯಲ್ಲಿ ನಮ್ಮ ಶ್ರೀಗಂಧದ ಎಣ್ಣೆಯೂ ಇದೆ, ಮಲ್ಲಿಗೆಯೂ ಇದೆ. ಇದು ನಿಷೇಧವಲ್ಲ, ನಿಗದಿತ ಮಿತಿ ಮೀರಿದರೆ ಹೆಸರನ್ನು ನಮೂದಿಸಬೇಕೆಂಬ ಕಟ್ಟಳೆ ಮಾತ್ರ. ಗಂಧಕ್ಕಾಗಿ ವೀರಪ್ಪನ್ ಕಾಲದಲ್ಲಿ ನೆತ್ತರು ಹರಿದ ಕಾಡಿನ ಸೀಮೆಗೆ ಈ ಸುದ್ದಿ ತಲುಪಿಸುವವರು ಯಾರು? ನಮ್ಮದೇ ಕೇಂದ್ರದ ಅಧಿಸೂಚನೆಗಳೂ ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಸಣ್ಣ ತಯಾರಕರಿಗೆ ನಿಯಮಗಳಿಂದಲೇ ವಿನಾಯಿತಿ ಕೊಡಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ನಾನಿದನ್ನು ಒಪ್ಪಲಾರೆ. ಸೀಸಕ್ಕೆ ಗುಡಿ ಕೈಗಾರಿಕೆ, ಭಾರಿ ಕೈಗಾರಿಕೆ ಎಂಬ ಭೇದವಿಲ್ಲ. ಸಣ್ಣವನ ಗಿರಾಕಿಯೂ ಬಡವನೇ. ಸಡಿಲಿಸಬೇಕಾದದ್ದು ಸುರಕ್ಷತೆಯನ್ನಲ್ಲ, ಅದರ ವೆಚ್ಚದ ಹೊರೆಯನ್ನು.

ಮೈಸೂರು ಸಂಸ್ಥಾನದ ದಾರಿಯನ್ನು ನೆನೆಯಬಹುದು. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಗಂಧದ ಮರದ ರಫ್ತು ನಿಂತಾಗ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ನಡೆಯಿತು, ಸಾಬೂನಿನ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ವಿಜ್ಞಾನದ ಖರ್ಚನ್ನು ಸರ್ಕಾರ ಹೊತ್ತಿತು. (ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ನಮ್ಮೊಡನೆ ಸೇರಿದ್ದು 1956ರಲ್ಲಿ.)

ಇಂದು ಬೇಕಾಗಿರುವುದು ಅಷ್ಟು ದೊಡ್ಡದೇನಲ್ಲ. ಕೊಳ್ಳೇಗಾಲದಲ್ಲಿ ಮೂರೂ ತಾಲ್ಲೂಕುಗಳಿಗೆ ಸಾಮಾನ್ಯವಾದ ಒಂದು ಪುಡಿ ಮಾಡುವ ಘಟಕ, ಅಲ್ಲಿ ಒಬ್ಬ ಅರ್ಹ ಮೇಲ್ವಿಚಾರಕ, ಒಂದು ಸಣ್ಣ ಪರೀಕ್ಷಾ ಕೊಠಡಿ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಸೀಸದ ಬಣ್ಣ ಬೆರೆಸುವ ಪಿಡುಗಿತ್ತು. 2019ರಲ್ಲಿ ಅಧಿಕಾರಿಗಳು ಕೈಯಲ್ಲಿ ಹಿಡಿಯುವ ಕ್ಷ-ಕಿರಣ ಉಪಕರಣದೊಂದಿಗೆ ಸಗಟು ಮಾರುಕಟ್ಟೆಗೇ ಇಳಿದು ಸ್ಥಳದಲ್ಲೇ ಪರೀಕ್ಷಿಸಿ ದಂಡ ವಿಧಿಸಿದರು. ಸೀಸ ಕಂಡುಬಂದ ಮಾದರಿಗಳ ಪ್ರಮಾಣ ಶೇ 47ರಿಂದ 2021ರ ಹೊತ್ತಿಗೆ ಸೊನ್ನೆಗಿಳಿಯಿತು. ಈ ಉಪಕರಣ ಸೀಸ, ಪಾದರಸಗಳನ್ನು ಹಿಡಿಯುತ್ತದೆಯೇ ಹೊರತು ಕೃತಕ ಬಣ್ಣಗಳನ್ನಲ್ಲ. ಅವಕ್ಕೆ ಮೈಸೂರಿನ ಅಥವಾ ಬೆಂಗಳೂರಿನ ಪ್ರಯೋಗಾಲಯವೇ ಗತಿ. ಆ ಶುಲ್ಕವನ್ನು ಆರಂಭದ ಕೆಲವು ವರ್ಷ ಸರ್ಕಾರವೇ ಭರಿಸಲಿ.

ಇದಕ್ಕೆಲ್ಲ ಆಯವ್ಯಯದ ಅನುಮೋದನೆ ಬೇಕು, ಕಡತ ನಡೆಯಬೇಕು. ಅದರ ವೇಗ ಎಷ್ಟೆಂದು ಸೇವೆಯಲ್ಲಿದ್ದವರಿಗೆ ಗೊತ್ತು. ಅಷ್ಟರಲ್ಲಿ ಮಲೆ ಮಹದೇಶ್ವರ ಸ್ವಾಮಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರ ಮಾಡಬಹುದಾದದ್ದೊಂದಿದೆ. ತನ್ನ ವ್ಯಾಪ್ತಿಯ ಮಳಿಗೆಗಳಲ್ಲಿ ತಯಾರಕರ ವಿಳಾಸ ಮತ್ತು ಪರವಾನಗಿ ಸಂಖ್ಯೆ ಇಲ್ಲದ ಕುಂಕುಮ ಮಾರಕೂಡದೆಂದು ಕರಾರಿನಲ್ಲೇ ಷರತ್ತು ಸೇರಿಸಬಹುದು. ಎಷ್ಟೇ ಚಿಕ್ಕ ಪೊಟ್ಟಣವಾದರೂ ಘಟಕಾಂಶಗಳನ್ನು ಕನ್ನಡದಲ್ಲಿ ಮುದ್ರಿಸಬೇಕೆಂದೂ ಕೇಳಬಹುದು. ಮುಂದಿನ ದೀಪಾವಳಿ ಜಾತ್ರೆಯೊಳಗೆ ಇದನ್ನು ಮಾಡಲು ದೆಹಲಿಯ ಅಪ್ಪಣೆಯೇನೂ ಬೇಕಿಲ್ಲ.