ಮೆಮೊರಿ ಕಾರ್ಡಿನಲ್ಲಿ ಬಂದ ಶರೀಫಜ್ಜ

2012ರ ಮಾತು. ನಾನಾಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಶಿರವಾಳದಿಂದ ಶಹಾಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಟ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟರೆ 2 ಜಿಬಿ ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಕೊಡುತ್ತಿದ್ದರು. ನಾನು ಕೇಳಿದ್ದು ಹೊಸ ಸಿನಿಮಾ ಹಾಡುಗಳನ್ನು. ಅವುಗಳ ನಡುವೆ ಹೆಸರೇ ಇಲ್ಲದ, ಬರೀ ‘ಟ್ರ್ಯಾಕ್ 3’ ಎಂದಿದ್ದ ಒಂದು ಹಾಡೂ ಸೇರಿಕೊಂಡು ಬಂದಿತ್ತು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಇಯರ್‌ಫೋನ್ ಹಾಕಿಕೊಂಡೆ. ಗಿಟಾರ್ ಶುರುವಾಯಿತು. ಹಿಂದೆಯೇ ಪಿಟೀಲು, ಡ್ರಮ್ಸ್. ಇದ್ಯಾವುದೋ ಇಂಗ್ಲಿಷ್ ಹಾಡು ಎಂದುಕೊಂಡು ಮುಂದಿನದಕ್ಕೆ ಹೋಗುವಷ್ಟರಲ್ಲಿ ದೊಡ್ಡ ದನಿಯೊಂದು ಕನ್ನಡದಲ್ಲಿ ಹಾಡತೊಡಗಿತು. ಆ ಮಾತುಗಳು ನನಗೆ ಗೊತ್ತಿದ್ದವು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆ ಮೇಲೆ ಕೂತು ನಮ್ಮ ಕಾಕಾ ಹಾಡುತ್ತಿದ್ದ ಶರೀಫಜ್ಜನ ಗುಡುಗುಡಿಯ ಪದ ಅದು.

ನಿಜ ಹೇಳಬೇಕೆಂದರೆ, ಕಾಕಾನ ಭಜನೆ ಎಂದರೆ ನನಗೆ ನಾಚಿಕೆಯಿತ್ತು. ಕಾಲೇಜಿನ ಗೆಳೆಯರು ಮನೆಗೆ ಬಂದಾಗ ಮೂಲೆಯಲ್ಲಿದ್ದ ಏಕತಾರಿ, ದಮ್ಮಡಿಗಳನ್ನು ಒಳಗಿಟ್ಟು ಬಂದವನು ನಾನು. ಈಗ ಅದೇ ಪದವನ್ನು ಗಿಟಾರಿನ ಜೊತೆ ಕೇಳಿ ಮೈ ಜುಮ್ ಎಂದಿತ್ತು. ನಮ್ಮ ಮನೆಯ ಪದ ನನ್ನ ಕಿವಿಗೆ ಬೀಳಲು ಬೆಂಗಳೂರು ಸುತ್ತಿಕೊಂಡು ಬರಬೇಕಾಯಿತೇ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ.

ಆ ಹಾಡು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬ್ಯಾಂಡಿನದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಬೆಲ್ಜಿಯಂನಲ್ಲಿ ಔಷಧ ಕಂಪನಿಯ ನೌಕರಿ ಮಾಡಿ, ಅದನ್ನು ಬಿಟ್ಟು ಹಾಡಲು ಬಂದ ಮನುಷ್ಯ ರಘು ದೀಕ್ಷಿತ್. ಮೊದಲು ‘ಅಂತರಾಗ್ನಿ’ ಎಂಬ ಬ್ಯಾಂಡ್ ಕಟ್ಟಿದ್ದರು. ವರ್ಷಗಟ್ಟಲೆ ಅಲೆದ ಮೇಲೆ, 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ ಮೊದಲ ಆಲ್ಬಂ ಬಂತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಲಂಡನ್ನಿನವರ ಮುಂದೆ ನಿಂತರು. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲೂ ಶರೀಫರ ಪದಗಳಿದ್ದವು.

ಇಂಥ ಹಾಡುಗಳಿಗೆ ‘ಇಂಡಿ’ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿ ಅಲ್ಲ! ‘ಇಂಡಿಪೆಂಡೆಂಟ್’ ಎಂಬುದರ ಮೊಟಕು ರೂಪ. ಸಿನಿಮಾಕ್ಕಲ್ಲದೆ, ನಾಯಕ ನಾಯಕಿಗಾಗಿ ಅಲ್ಲದೆ, ಹಾಡುವವರೇ ಬರೆದು, ಮಟ್ಟು ಹಾಕಿ, ಬಹಳ ಸಲ ಕೈಯಿಂದಲೇ ದುಡ್ಡು ಹಾಕಿ ತರುವ ಹಾಡು. ಹಾಗೆ ನೋಡಿದರೆ ನಮ್ಮ ಕಾಕಾನೂ ಇಂಡಿ ಕಲಾವಿದನೇ. ಆಲ್ಬಂ ಮಾತ್ರ ಇರಲಿಲ್ಲ.

ನನ್ನ ಎರಡನೇ ಮೆಚ್ಚಿನ ಬ್ಯಾಂಡ್ ‘ಸ್ವರಾತ್ಮ’. ಇದರ ಮುಖ್ಯ ಗಾಯಕ ವಾಸು ದೀಕ್ಷಿತ್, ರಘು ಅವರ ತಮ್ಮ. 2009ರಲ್ಲಿ ಇವರ ಮೊದಲ ಆಲ್ಬಂ ಬಂತು. ಅದರಲ್ಲಿ ‘ಈ ಭೂಮಿ’ ಎಂಬ ಕನ್ನಡದ ಹಾಡಿದೆ. ‘ಪ್ಯಾಸಿ’ ಎಂಬ ಹಿಂದಿ ಹಾಡೂ ಇದೆ. ‘ಪ್ಯಾಸಿ’ ಎಂದರೆ ಬಾಯಾರಿದವಳು. ಬಾಯಾರಿದವಳು ಯಾರೆಂದರೆ ಕಾವೇರಿ. ನೀರಿಗಾಗಿ ಎರಡು ರಾಜ್ಯಗಳು ಜಗಳಾಡುವಾಗ ಹೊಳೆಯ ಕಡೆಯಿಂದ ಯೋಚಿಸಿದ ಹಾಡದು. ಕೃಷ್ಣೆ, ಭೀಮೆಯರ ನಡುವಿದ್ದೂ ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ನಮಗೆ ಅದು ಅರ್ಥವಾಗಲು ಯಾರ ವಿವರಣೆಯೂ ಬೇಡ. 2012ರ ‘ಟೋಪಿವಾಲೆ’ ಆಲ್ಬಮ್ಮಿನಲ್ಲಿ ರಾಜಕಾರಣಿಗಳನ್ನು ಗೇಲಿ ಮಾಡಿದರು. ಪ್ರೀತಿ, ವಿರಹ ಬಿಟ್ಟು ಬೇರೆ ವಿಷಯಕ್ಕೂ ಕುಣಿಯುವಂಥ ಹಾಡು ಕಟ್ಟಬಹುದು ಎಂದು ನನಗೆ ಗೊತ್ತಾದದ್ದು ಇವರಿಂದ.

ಸ್ವರಾತ್ಮವನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆಯೊಂದನ್ನು ಬರೆಯಲು ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಪರೀಕ್ಷೆ ಭಾನುವಾರ. ಶನಿವಾರ ಸಂಜೆ ಕಾಲೇಜೊಂದರ ಹಬ್ಬದಲ್ಲಿ ಇವರ ಕಾರ್ಯಕ್ರಮವಿದೆ ಎಂದು ರೂಮಿನ ಗೆಳೆಯ ಹೇಳಿದ. ಓದುವುದು ಬಿಟ್ಟು ಹೋದೆ. ಗಾಯಕ ಕೀಲುಕುದುರೆ ಕಟ್ಟಿಕೊಂಡು ವೇದಿಕೆ ಮೇಲೆ ಕುಣಿಯತೊಡಗಿದಾಗ ಜೀನ್ಸ್ ಹಾಕಿದ ಸಾವಿರ ಹುಡುಗ ಹುಡುಗಿಯರು ಕಿರುಚಿದರು. ನಾನು ಕಿರುಚಲಿಲ್ಲ. ಕೀಲುಕುದುರೆಯನ್ನು ನಾನು ಜಾತ್ರೆಯಲ್ಲಿ ನೋಡಿದವನು. ಅಲ್ಲಿ ಅದನ್ನು ಕಟ್ಟಿಕೊಂಡವರಿಗೆ ನಾವು ಕೊಡುತ್ತಿದ್ದುದು ಹತ್ತು ರೂಪಾಯಿ, ಜೊತೆಗೆ ಒಂದಿಷ್ಟು ನಗು. ಮರುದಿನದ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಅದಕ್ಕೆ ಸ್ವರಾತ್ಮ ಕಾರಣವಲ್ಲ. ಅದರ ಹಿಂದಿನ ಆರು ತಿಂಗಳು ಕಾರಣ.

ಮೂರನೆಯದು ‘ಪರವಾಜ್’. ಇದೂ ಬೆಂಗಳೂರಿನ ಬ್ಯಾಂಡ್. ಆದರೆ ಹಾಡುವುದು ಉರ್ದು, ಕಾಶ್ಮೀರಿ ಭಾಷೆಗಳಲ್ಲಿ. 2012ರಲ್ಲಿ ‘ಬೇಹೋಶ್’, 2014ರಲ್ಲಿ ‘ಬಾರಾನ್’ ತಂದರು. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆಂದು ರೂಮ್ ಮಾಡಿದ್ದಾಗ, ಮನೆಯಲ್ಲಿ ದಖನಿ ಮಾತಾಡುವ ಗೆಳೆಯನೊಬ್ಬ ಜೊತೆಗಿದ್ದ. “ಬಾರಾನ್ ಅಂದ್ರ ಫಾರ್ಸಿದಾಗ ಮಳಿ” ಎಂದು ಹೇಳಿಕೊಟ್ಟವನು ಅವನೇ. ಆ ವರ್ಷ ಊರಲ್ಲಿ ತೊಗರಿ ಬಿತ್ತಿ ಮುಗಿಲು ನೋಡುತ್ತ ಕೂತಿದ್ದರು. ರಾತ್ರಿ ಕರೆಂಟ್ ಹೋದಾಗ ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ನಾವಿಬ್ಬರೂ ಮಳೆಯ ಹೆಸರಿನ ಆಲ್ಬಂ ಕೇಳಿದೆವು.

ನಾಲ್ಕನೆಯದು ‘ಅಗಂ’. ಕರ್ನಾಟಕ ಸಂಗೀತದ ಕೀರ್ತನೆಗಳನ್ನು ರಾಕ್ ಜೊತೆ ಬೆರೆಸುವವರು. ನಮ್ಮ ಕಡೆ ಆ ಸಂಗೀತದ ರೂಢಿ ಕಡಿಮೆ, ಹಾಗಾಗಿ ನಾನು ಅವರನ್ನು ಕೇಳಿದ್ದೂ ಕಡಿಮೆ. ಆದರೆ ಅವರ ಗಾಯಕ ಹರೀಶ್ ಶಿವರಾಮಕೃಷ್ಣನ್ ಅವರು ಕಂಪನಿಯ ಕೆಲಸ ಮಾಡುತ್ತಲೇ ಬ್ಯಾಂಡ್ ನಡೆಸಿದವರು ಎಂದು ಓದಿದಾಗ ಸಮಾಧಾನವಾಯಿತು. ಹಾಡಲು ನೌಕರಿ ಬಿಡಲೇಬೇಕೆಂದಿಲ್ಲ. ನೌಕರಿಗಾಗಿ ಹಾಡು ಬಿಡಲೇಬೇಕೆಂದೂ ಇಲ್ಲ. ಎಫ್‌ಡಿಎ, ಪಿಡಿಒ ಎಂದು ದಿನಕ್ಕೆ ಹನ್ನೆರಡು ಗಂಟೆ ಓದುವ ನನ್ನಂಥವರು “ಮೊದಲು ನೌಕರಿ ಸಿಗಲಿ, ಆಮೇಲೆ ಎಲ್ಲ” ಎನ್ನುತ್ತೇವೆ. ಆ ‘ಆಮೇಲೆ’ ಎಂಬುದು ಎಷ್ಟು ದುಬಾರಿ ಎಂದು ಮುಂದೆ ಹೇಳುತ್ತೇನೆ.

ಈ ಬ್ಯಾಂಡ್‌ಗಳ ಮೇಲೆ ನಮ್ಮ ಕಡೆ ಒಂದು ಆಕ್ಷೇಪವಿದೆ. “ಶರೀಫರ ಪದಕ್ಕೆ ಗಿಟಾರ್ ಹಚ್ಚಿ ಕೆಡಿಸಿಬಿಟ್ಟರು” ಎನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಶರೀಫರು 1889ರವರೆಗೆ ಬದುಕಿದ್ದರು. ಅವರ ಪದ ಕರ್ನಾಟಕದ ಮನೆ ಮನೆಗೆ ಮುಟ್ಟಿದ್ದು ಬಹುಮಟ್ಟಿಗೆ ಸಿ. ಅಶ್ವತ್ಥ್ ಅವರ ದನಿಯಲ್ಲಿ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಮೂಲಕ. ಅಶ್ವತ್ಥ್ ಹಾಡಿದ್ದು ಬರೀ ಏಕತಾರಿ ಹಿಡಿದಲ್ಲ, ದೊಡ್ಡ ವಾದ್ಯಮೇಳದ ಜೊತೆ. ಇನ್ನು ನಮ್ಮ ಭಜನೆಯಲ್ಲಿ ನಡುವೆ ಕೂತು ಯಜಮಾನಿಕೆ ಮಾಡುವ ಹಾರ್ಮೋನಿಯಂ ಬಂದದ್ದು ಯುರೋಪಿನಿಂದ. ನೂರು ವರ್ಷ ಕಟ್ಟೆ ಮೇಲೆ ಕೂತ ಮೇಲೆ ಅದು ನಮ್ಮದಾಯಿತು. ಗಿಟಾರೂ ಕೂತುಕೊಳ್ಳಲಿ, ಅದಕ್ಕೂ ಜಾಗವಿದೆ.

ಹಾಗೆಂದು ಬ್ಯಾಂಡ್‌ನವರು ಮಾಡಿದ್ದೆಲ್ಲ ಸರಿ ಎಂದೂ ನಾನು ಹೇಳುವುದಿಲ್ಲ. ಆ ಟ್ರ್ಯಾಕ್ 3ನ್ನು ಕಾಕಾಗೆ ಕೇಳಿಸಿದ್ದೆ. “ಕಾಕಾ, ಇದೊಂದು ಕೇಳ್ರಿ” ಎಂದು ಇಯರ್‌ಫೋನ್ ಕೊಟ್ಟರೆ ಅದನ್ನು ಹೇಗೆ ಹಾಕಿಕೊಳ್ಳುವುದೆಂದು ಗೊತ್ತಾಗದೆ, ಸ್ಪೀಕರ್ ಹಚ್ಚು ಎಂದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹೇಳಿದರು: “ದನಿ ಭಾಳ ಛಲೋ ಅದ ತಮ್ಮಾ. ಪಿಟೀಲು ಬಾರಿಸಿದಾತನೂ ಶ್ಯಾಣ್ಯಾ ಇದ್ದಾನ. ಆದ್ರ ಭಾಳ ಅವಸರ ಮಾಡ್ತಾರಪ. ಒಂದು ನುಡಿ ಹಾಡಿದ ಮ್ಯಾಲ ತುಸು ನಿಂದರಬೇಕು. ಕೇಳಿದಾವ ವಿಚಾರ ಮಾಡಬೇಕಲ್ಲ?”

ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಚೆನ್ನಾಗಿರಲಿಲ್ಲ. ಭಜನೆಯಲ್ಲಿ ಒಂದು ನುಡಿ ಹಾಡಿ ನಿಲ್ಲಿಸುತ್ತಾರೆ. ಹಿರಿಯರೊಬ್ಬರು ಒಳಾರ್ಥ ಬಿಡಿಸುತ್ತಾರೆ. ಇನ್ನೊಬ್ಬರು ಅದಕ್ಕೆ ಎದುರು ಪದ ಹಾಡುತ್ತಾರೆ. ಒಂದು ಪದಕ್ಕೆ ಅರ್ಧ ತಾಸು ಹಿಡಿದರೂ ಯಾರಿಗೂ ಬೇಸರವಿಲ್ಲ. ಐದು ನಿಮಿಷದ ಹಾಡಿನಲ್ಲಿ ಪದ ಉಳಿಯುತ್ತದೆ, ಈ ಮಾತುಕತೆ ಉಳಿಯುವುದಿಲ್ಲ.

ನನ್ನ ಇನ್ನೊಂದು ತಕರಾರು: ನಾನು ಕೇಳಿದ ಬ್ಯಾಂಡ್‌ಗಳೆಲ್ಲ ಶರೀಫರ ನಾಲ್ಕೈದು ಪದಗಳನ್ನೇ ಮತ್ತೆ ಮತ್ತೆ ಹಾಡಿದವು. ನಮ್ಮ ಸೀಮೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ತೆಲುಗಬಾಳ ರೇವಪ್ಪ ಇವರ ಪದಗಳು ನನ್ನ ಮೆಮೊರಿ ಕಾರ್ಡಿಗೆ ಬರಲೇ ಇಲ್ಲ. ಮೊಹರಂನಲ್ಲಿ ಹಾಡುವ ರಿವಾಯತ್ ಪದ, ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಕೇಳುವ ಭಜನೆ, ಹಲಗಿಯ ಹೊಡೆತ ಇವೆಲ್ಲ ಯಾವ ರಾಕ್‌ಗೆ ಕಡಿಮೆ?

ಆದರೆ ಈ ತಕರಾರನ್ನು ಬೆಂಗಳೂರು, ಮೈಸೂರಿನವರ ಮೇಲೆ ಹೊರಿಸುವಾಗ ನನ್ನ ನಾಲಿಗೆ ತಡವರಿಸುತ್ತದೆ. ಅವರು ತಮಗೆ ಸಿಕ್ಕಿದ್ದನ್ನು ಹಾಡಿದರು. ನಮ್ಮಲ್ಲಿರುವುದನ್ನು ಹಾಡಬೇಕಾದವರು ನಾವು. ನಾವೇನು ಮಾಡಿದೆವು?

ನಾನು ಮಾಡಿದ್ದನ್ನು ಹೇಳುತ್ತೇನೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಮೆಮೊರಿ ಕಾರ್ಡ್ ತುಂಬಿಸುವ ಅಂಗಡಿಯವರು ಕವರ್, ಚಾರ್ಜರ್ ಮಾರತೊಡಗಿದರು. ನನ್ನ ಕೈಗೂ ಒಳ್ಳೆ ಫೋನ್ ಬಂತು. ಈ ಬ್ಯಾಂಡ್‌ಗಳ ಹಾಡುಗಳನ್ನೆಲ್ಲ ಹುಡುಕಿ ಹುಡುಕಿ ಕೇಳಿದೆ. ಕಾಕಾನ ಹಾಡನ್ನೂ ರೆಕಾರ್ಡ್ ಮಾಡಬೇಕು ಎಂದುಕೊಂಡೆ. ಈ ಅಮಾವಾಸ್ಯೆಗೆ ಪರೀಕ್ಷೆ ಇದೆ, ಮುಂದಿನ ಅಮಾವಾಸ್ಯೆಗೆ ಎಂದುಕೊಂಡೆ. ಮುಂದಿನದಕ್ಕೆ ಧಾರವಾಡದಿಂದ ಬರಲಾಗಲಿಲ್ಲ. ಹೀಗೇ ಎರಡು ವರ್ಷ ಕಳೆಯಿತು. 2018ರ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ನನ್ನ ಫೋನಿನಲ್ಲಿ ಕರೆಂಟ್ ಅಫೇರ್ಸ್ ಕ್ಲಾಸುಗಳ ನೂರಾರು ವಿಡಿಯೊಗಳಿದ್ದವು. ಕಾಕಾನ ದನಿ ಅರ್ಧ ನಿಮಿಷದಷ್ಟೂ ಇರಲಿಲ್ಲ.

ಅವರ ಪದಗಳ ನೋಟ್‌ಬುಕ್ ನನ್ನ ಹತ್ತಿರ ಇದೆ. ಎಣ್ಣೆ ಕಲೆಯಾದ ಇನ್ನೂರು ಪುಟದ ನೋಟ್‌ಬುಕ್. ಕೆಲವು ಪದಗಳ ತಲೆಯ ಮೇಲೆ “ಇದರ ಮಟ್ಟು ಬ್ಯಾರೆ” ಎಂದಷ್ಟೇ ಬರೆದಿದ್ದಾರೆ. ಬೇರೆ ಎಂದರೆ ಯಾವುದು? ಕೇಳಲು ಅವರಿಲ್ಲ. ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದೆ. ದೊಡ್ಡ ಕೆಲಸ ಅದು. ಆದರೆ ಮಾತು ಅಚ್ಚಾಗುತ್ತದೆ, ಮಟ್ಟು ಅಚ್ಚಾಗುವುದಿಲ್ಲ. ಅದು ಬಾಯಿಂದ ಕಿವಿಗೇ ಹೋಗಬೇಕು. ನಮ್ಮ ಕಿವಿಗಳಲ್ಲಿ ಇಯರ್‌ಫೋನ್ ಇತ್ತು.

ಆ ದಶಕದ ಬ್ಯಾಂಡ್‌ಗಳು ನನಗೆ ಯಾಕೆ ದೊಡ್ಡವು ಎಂದು ಯಾರಾದರೂ ಕೇಳಿದರೆ, ಅವುಗಳಲ್ಲೊಂದು ಗ್ಲಾಸ್ಟನ್‌ಬರಿಗೆ ಹೋಗಿ ಹಾಡಿತು ಎಂಬ ಕಾರಣಕ್ಕಲ್ಲ. ಹತ್ತೊಂಬತ್ತರ ವಯಸ್ಸಿನ ಒಬ್ಬ ಹುಡುಗನ ನಾಚಿಕೆ ಬಿಡಿಸಿದವು ಎಂಬ ಕಾರಣಕ್ಕೆ. ಆದರೆ ನಾಚಿಕೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಹೋಗಿ ಕೂರುವ ಕೆಲಸ ನನ್ನದಾಗಿತ್ತು. ಅದನ್ನು ಯಾವ ಬ್ಯಾಂಡೂ ಮಾಡಿಕೊಡುವುದಿಲ್ಲ.

ಈಗ ನಾನು ಪಕ್ಕದ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕ. ಪರೀಕ್ಷೆಗಳನ್ನೂ ಬರೆಯುತ್ತಿದ್ದೇನೆ. ಕಾಕಾನ ಮೇಳದ ಐವರಲ್ಲಿ ಇಬ್ಬರು ಉಳಿದಿದ್ದಾರೆ. ಒಬ್ಬರಿಗೆ ಕಣ್ಣು ಮಂಜಾಗಿದೆ, ಇನ್ನೊಬ್ಬರಿಗೆ ಉಸಿರು ಸಾಲುವುದಿಲ್ಲ. ಅಮಾವಾಸ್ಯೆಗೊಮ್ಮೆ ಹೋಗಿ ಮುಂದೆ ಫೋನ್ ಇಟ್ಟು ಕೂರುತ್ತೇನೆ. ಇಲ್ಲಿಯವರೆಗೆ ಹದಿನಾಲ್ಕು ಪದ ಆಗಿವೆ. ನೋಟ್‌ಬುಕ್ಕಿನ ‘ಬ್ಯಾರೆ ಮಟ್ಟು’ಗಳಲ್ಲಿ ಎರಡು ಸಿಕ್ಕವು. ಹೋದ ತಿಂಗಳು ಶಹಾಪುರದ ಡಿಗ್ರಿ ಹುಡುಗನೊಬ್ಬ ಗಿಟಾರ್ ತಂದಿದ್ದ. ಹಿರಿಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕ ಆರು ತಂತಿ ಯಾಕಪ, ಒಂದು ಸಾಲಂಗಿಲ್ಲೇನು?” ಎಂದರು. ಆಮೇಲೆ ಶ್ರುತಿ ಕೂಡಿಸಿಕೊಂಡು ಹಾಡಿದರು. ಹುಡುಗ ಒಂದು ನುಡಿಯಾದ ಮೇಲೆ ನಿಂತ. ನಿಲ್ಲಬೇಕೆಂದು ನಾನು ಮೊದಲೇ ಹೇಳಿಟ್ಟಿದ್ದೆ.

ಗೆಳೆಯರೇ, ನಿಮ್ಮ ಊರಲ್ಲೂ ಕಟ್ಟೆಯಿದೆ, ಮೇಳವಿದೆ, ನಿಮ್ಮ ಕೈಯಲ್ಲಿ ಫೋನ್ ಇದೆ. ಮುಂದಿನ ಅಮಾವಾಸ್ಯೆ ಯಾವಾಗ ಎಂದು ಇವತ್ತೇ ಕ್ಯಾಲೆಂಡರ್ ನೋಡಿ. ಪರೀಕ್ಷೆ ಇದ್ದರೂ ಒಂದು ತಾಸು ಹೋಗಿ ಬನ್ನಿ.