ಅಡುಗೆಮನೆಯ ಮೇಜು ಮತ್ತು ನಮ್ಮ ಕುಹಕ



ಈ ಸಲದ ಬರಹ ನಿಮ್ಮಲ್ಲಿ ಕೆಲವರಿಗೆ ಕಹಿಯೆನಿಸಬಹುದು. ಆ ಕಷಾಯವನ್ನು ಮೊದಲು ನಾನೇ ಕುಡಿದಿದ್ದೇನೆ ಎಂಬ ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ.

ಕಳೆದ ಕ್ರಿಸ್ಮಸ್ಸಿನ ಮರುದಿನ ಧಾರವಾಡದ ನಮ್ಮ ಮನೆಯಲ್ಲಿ ಬಂಧುಬಳಗವೆಲ್ಲ ಊಟಕ್ಕೆ ಕೂಡಿತ್ತು. ಮಾತು ಎಲ್ಲೆಲ್ಲೋ ಸುತ್ತಿ ಅಮೆರಿಕೆಯ ಟೆಕ್ಸಾಸ್ ಪ್ರಾಂತದಲ್ಲಿರುವ ನನ್ನ ತಂಗಿಯ ಮಗಳ ಕಡೆಗೆ ತಿರುಗಿತು. ಅವಳು ತನ್ನ ಮೂವರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುತ್ತಿರುವುದು ನಿಮ್ಮಲ್ಲಿ ಬಹುಮಂದಿಗೆ ಗೊತ್ತು. “ಎಂಜಿನಿಯರಿಂಗ್ ಓದಿ ಕೊನೆಗೆ ಒಲೆಯ ಮುಂದೆ ಮಗ್ಗಿ ಹೇಳಿಕೊಡುವ ಗತಿ ಬಂತು” ಎಂದರು ಒಬ್ಬರು. “ಮಕ್ಕಳನ್ನು ಕೋಳಿಮರಿಗಳ ಹಾಗೆ ಬುಟ್ಟಿಯಡಿಯಲ್ಲಿ ಮುಚ್ಚಿಟ್ಟಿದ್ದಾಳೆ” ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ರಾತ್ರಿ ಅವಳ ಫೋನ್ ಬಂದಿತು. ಹಬ್ಬದ ಶುಭಾಶಯಗಳು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಮಾ, ನಾ ಮಾಡ್ಲಿಕತ್ತದ್ದಕ್ಕ ಏನರೆ ಅರ್ಥ ಅದನ? ಒಮ್ಮೊಮ್ಮೆ ಮುಂಜಾನೆ ಏಳೋದೇ ಬ್ಯಾಡ ಅನಸ್ತದ” ಎಂದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಒಂದು ನೆಟ್ಟಗಿನ ಉತ್ತರ ಹೊಳೆಯಲಿಲ್ಲ. ಐದು ವರ್ಷಗಳ ಹಿಂದೆ ಅವಳು ಈ ನಿರ್ಧಾರವನ್ನು ತಿಳಿಸಿದಾಗ, ಅದು ಮಕ್ಕಳಿಗೆ ಮಾಡುವ ಅನ್ಯಾಯವೆಂದು ಎರಡು ಪುಟದ ಕಾಗದ ಬರೆದವನೂ ನಾನೇ. ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಇದು ಅವಳಿಗೆ ಎಷ್ಟು ಸೇರಿದ್ದೋ, ನಕ್ಕ ನಮಗೂ ಅಷ್ಟೇ ಸೇರಿದ್ದು.

ನಮ್ಮ ಸಿಟ್ಟಿಗೆ ಒಂದು ಕಾರಣವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಕನ್ನಡ ಕ್ರೈಸ್ತರಾದ ನಮ್ಮ ಪಾಲಿಗೆ ಶಾಲೆ ಎಂಬುದು ಬರಿಯ ಕಟ್ಟಡವಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಅವರು ಹೋದಲ್ಲೆಲ್ಲ ಗುಡಿಯ ಮಗ್ಗುಲಲ್ಲೇ ಶಾಲೆ ಎದ್ದಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಅಚ್ಚಾದ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್ಲರೂ ಆ ಪರಂಪರೆಯವರೇ. ಪಾಟಿ ಹಿಡಿದು ಶಾಲೆಯ ಮೆಟ್ಟಿಲು ಹತ್ತಿದ ಒಂದು ತಲೆಮಾರಿನಿಂದಲೇ ನಮ್ಮ ಮನೆತನಗಳು ಮೇಲೆ ಬಂದವು. ಅಂಥ ಮನೆಯ ಹುಡುಗಿ “ನನ್ನ ಮಕ್ಕಳಿಗೆ ಶಾಲೆ ಬೇಡ” ಎಂದರೆ, ಅಜ್ಜ ನೆಟ್ಟ ಮರವನ್ನು ಮೊಮ್ಮಗಳು ಕಡಿದಳೆಂಬಂತೆ ನಮಗೆ ನೋವಾಗುತ್ತದೆ. ನೋವು ಸಹಜ. ಆದರೆ ನೋವು ವಾದವಲ್ಲ, ಕುಹಕವಂತೂ ಅಲ್ಲವೇ ಅಲ್ಲ.

ಆಕ್ಷೇಪಣೆಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು, ಇದು ಕಾನೂನು ತಪ್ಪಿಸುವ ಹುಚ್ಚು ಎಂಬುದು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಹೇಳುತ್ತದೆ. ಆ ಕಣ್ಣಿನಿಂದಲೇ ನಾವು ಅವಳನ್ನೂ ನೋಡುತ್ತಿದ್ದೇವೆ. ಅಮೆರಿಕೆಯ ಕಥೆ ಬೇರೆ. ಮಗು ರಾಜ್ಯದ ಸೊತ್ತಲ್ಲ, ಅದರ ಶಿಕ್ಷಣವನ್ನು ನಿರ್ದೇಶಿಸುವ ಹಕ್ಕು ಹೆತ್ತವರದು ಎಂಬ ವಿಚಾರವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1925ರಲ್ಲಿಯೇ ಎತ್ತಿಹಿಡಿದಿತ್ತು. 1970ರ ದಶಕದಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಕ, ಶಾಲೆಯನ್ನು ತಿದ್ದುವ ಆಸೆ ಬಿಟ್ಟು ಮನೆಯ ಕಲಿಕೆಯ ಪರ ನಿಂತ. ಅವನು ಹಾಗೆ ನಿಂತದ್ದು ಧರ್ಮದ ಕಾರಣಕ್ಕಲ್ಲ. ಅದೇ ಕಾಲದಲ್ಲಿ ರೇಮಂಡ್ ಮತ್ತು ಡೊರೊತಿ ಮೂರ್ ಎಂಬ ಕ್ರೈಸ್ತ ದಂಪತಿಗಳು, ಎಳೆಯ ಮಕ್ಕಳನ್ನು ಅವಸರದಿಂದ ಶಾಲೆಗೆ ನೂಕಬಾರದೆಂದು ಬರೆದರು. 1993ರ ಹೊತ್ತಿಗೆ ಐವತ್ತು ಪ್ರಾಂತಗಳಲ್ಲಿಯೂ ಇದಕ್ಕೆ ಕಾನೂನಿನ ಒಪ್ಪಿಗೆ ದೊರೆತಿತ್ತು. ಟೆಕ್ಸಾಸಿನಲ್ಲಿ 1994ರ ತೀರ್ಪು ಇಂಥ ಮನೆಯನ್ನು ಖಾಸಗಿ ಶಾಲೆಯೆಂದೇ ಪರಿಗಣಿಸಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಪೌರನೀತಿ ಇವನ್ನು ಪ್ರಾಮಾಣಿಕವಾಗಿ ಕಲಿಸಬೇಕೆಂಬುದು ಅಲ್ಲಿಯ ನಿಯಮ. ಮಹಾಮಾರಿಯ ವರ್ಷವಾದ 2020ರಲ್ಲಿ ಜನಗಣತಿ ಇಲಾಖೆಯ ಸಮೀಕ್ಷೆಯಂತೆ, ಶಾಲಾವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಹೀಗೆ ಓದಿಸುವವರ ಪ್ರಮಾಣ ವಸಂತದಲ್ಲಿ ಶೇಕಡಾ 5.4 ಇದ್ದದ್ದು ಶರತ್ಕಾಲದಲ್ಲಿ ಶೇಕಡಾ 11.1ಕ್ಕೆ ಏರಿತ್ತು. ನಮ್ಮ ಹುಡುಗಿ ಕಳ್ಳದಾರಿಯಲ್ಲಿ ಹೋದವಳಲ್ಲ. ಲಕ್ಷಾಂತರ ಮಂದಿ ನಡೆಯುವ ಹೆದ್ದಾರಿಯಲ್ಲೇ ಇದ್ದಾಳೆ.

ಎರಡನೆಯದು, ಮಕ್ಕಳಿಗೆ ನಾಲ್ಕು ಜನರೊಡನೆ ಬೆರೆಯುವುದು ಗೊತ್ತಾಗುವುದಿಲ್ಲ ಎಂಬುದು. ಇದನ್ನು ಬಲವಾಗಿ ಹೇಳಿದವನು ನಾನೇ ಆದ್ದರಿಂದ ನಾನೇ ಉತ್ತರಿಸಬೇಕು. ನನ್ನ ತರಗತಿಯಲ್ಲಿ ಅರವತ್ತು ಮಕ್ಕಳಿರುತ್ತಿದ್ದರು. ಒಂದು ವರ್ಷ ಪೂರ್ತಿ ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಮಾತೂ ಆಡದೆ ಹೋದ ಹುಡುಗನೊಬ್ಬನಿದ್ದ. ಅವನನ್ನು ದಡ್ಡರ ಪಟ್ಟಿಗೆ ಸೇರಿಸಿ ನಾನು ಮರೆತಿದ್ದೆ. ಅವನಿಗೆ ಕರಿಹಲಗೆಯ ಮೇಲಿನ ಅಕ್ಷರ ಕಾಣುತ್ತಲೇ ಇರಲಿಲ್ಲವೆಂಬುದು, ಅವನು ಶಾಲೆ ಬಿಟ್ಟ ಮೇಲೆ ಕನ್ನಡಕ ಧರಿಸಿ ಎದುರಾದಾಗಲೇ ನನಗೆ ತಿಳಿದದ್ದು. ಐವತ್ತೊಂಬತ್ತು ಮಂದಿಯ ನಡುವೆ ಅವನು ಯಾರೊಡನೆ ಬೆರೆತಿದ್ದ? ಗುಂಪಿನಲ್ಲಿ ಕೂಡಿಸುವುದೂ ಬೆರೆಸುವುದೂ ಒಂದೇ ಅಲ್ಲ. ಮೂರೇ ಮಕ್ಕಳ ಕಣ್ಣನ್ನು ದಿನವೂ ನೋಡುವ ತಾಯಿಗೆ ಈ ತಪ್ಪು ಆಗಲಾರದು. ಅವಳಿಗೆ ಬೇರೆ ತಪ್ಪುಗಳಾಗಬಹುದು, ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು, ಓದಿದ ಓದು ದಂಡವಾಯಿತು ಎಂಬುದು. ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸುತ್ತದೆ. ಅವಳು ಸಂಬಳಕ್ಕೆ ಪರರ ಮಕ್ಕಳಿಗೆ ಗಣಿತ ಕಲಿಸಿದ್ದರೆ ನಾವು ‘ಪ್ರೊಫೆಸರ್’ ಎಂದು ಎದ್ದು ನಿಲ್ಲುತ್ತಿದ್ದೆವು. ಸಂಬಳವಿಲ್ಲದೆ ತನ್ನ ಮಕ್ಕಳಿಗೆ ಕಲಿಸಿದರೆ ಓದು ದಂಡ! ಹಾಗಾದರೆ ನಾವು ಗೌರವಿಸುತ್ತಿದ್ದದ್ದು ವಿದ್ಯೆಯನ್ನೋ, ಪಗಾರವನ್ನೋ?

ಇಷ್ಟು ನಮ್ಮವರಿಗೆ. ಆದರೆ ನನ್ನ ಜಗಳ ಇನ್ನೊಂದು ಕಡೆಯವರೊಡನೆಯೂ ಇದೆ.

ಇಂಥ ತಾಯಂದಿರಿಗೆ ಧೈರ್ಯ ಹೇಳುವುದಕ್ಕೆಂದೇ ಅಲ್ಲಿ ಪುಸ್ತಕಗಳೂ ಸಮ್ಮೇಳನಗಳೂ ಬಹಳ. ನಮ್ಮ ಹುಡುಗಿಯೂ ಒಂದು ಸಮ್ಮೇಳನಕ್ಕೆ ಹೋಗಿದ್ದಳು. ಅಲ್ಲಿ ಮಾತನಾಡಿದವರೊಬ್ಬರು, ಮನೆಯಲ್ಲಿ ದೇವಭಯದಿಂದ ಓದಿಸಿದರೆ ಮಕ್ಕಳು ಎಂದೂ ದಾರಿ ತಪ್ಪುವುದಿಲ್ಲವೆಂದು ಭರವಸೆ ಕೊಟ್ಟರಂತೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿರುವಾಗ ಅವಳ ಪಕ್ಕದಲ್ಲಿ ಕುಳಿತಿದ್ದ ನಡುವಯಸ್ಸಿನ ತಾಯಿಯೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳಂತೆ. ಹನ್ನೆರಡು ವರ್ಷ ಮನೆಯಲ್ಲೇ ಓದಿಸಿದ ಅವಳ ಮಗ ಮನೆಯನ್ನೂ ವಿಶ್ವಾಸವನ್ನೂ ಬಿಟ್ಟು ಹೋಗಿದ್ದನಂತೆ. ಅಂಥ ಉತ್ತೇಜನವನ್ನು ನಾನು ವಿಷವೆಂದು ಕರೆಯುತ್ತೇನೆ. ಅದು ದಣಿದವಳ ಬೆನ್ನ ಮೇಲೆ ಇನ್ನೊಂದು ಮೂಟೆಯನ್ನು ಹೊರಿಸುತ್ತದೆ. ಮಗ ಕೆಟ್ಟರೆ ಅದು ತಾಯಿಯ ಪಾಠಪಟ್ಟಿಯ ದೋಷ ಎಂದಾಗುತ್ತದೆ.

ಧರ್ಮಗ್ರಂಥದಲ್ಲಿ ಇಂಥ ಸೂತ್ರ ಎಲ್ಲಿದೆ? ಮಗುವಿಗೆ ನಡೆಯಬೇಕಾದ ದಾರಿಯನ್ನು ಕಲಿಸೆಂಬ ಜ್ಞಾನೋಕ್ತಿ ತಿಳಿದವರ ವಿವೇಕ, ಸಾಲಪತ್ರವಲ್ಲ. ಯಾಜಕನಾದ ಏಲಿಯ ಕೈಯಲ್ಲಿ ಬೆಳೆದ ಪರರ ಮಗ ಸಮುವೇಲ ಪ್ರವಾದಿಯಾದ, ಏಲಿಯ ಸ್ವಂತ ಮಕ್ಕಳು ಕೆಟ್ಟರು. ತಪ್ಪಿಹೋದ ಮಗನ ಸಾಮ್ಯದಲ್ಲಿ ತಂದೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಕಿರಿಯವನು ಮನೆ ಬಿಟ್ಟು ಹೋದ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲೇ ಉಳಿದ ಹಿರಿಯ ಮಗನ ಹೃದಯ ತಂದೆಯಿಂದ ಎಷ್ಟು ದೂರವಿತ್ತೆಂಬುದನ್ನು ಮನೆಶಾಲೆಯ ಪ್ರತಿಯೊಬ್ಬ ತಂದೆತಾಯಿಯೂ ಧ್ಯಾನಿಸಬೇಕು. ಮಗು ಮನೆಯೊಳಗಿದೆ ಎಂಬುದೇ ಸುರಕ್ಷೆಯಲ್ಲ.

ಈ ಜನ ಹೆಚ್ಚಾಗಿ ಉದಾಹರಿಸುವ ತಾಯಿ ಸುಸಾನಾ ವೆಸ್ಲಿ. ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಹೆಂಡತಿಯಾಗಿದ್ದವಳು. ಶೈಶವದಲ್ಲೇ ಅನೇಕ ಮಕ್ಕಳನ್ನು ಮಣ್ಣಿಗೆ ಕೊಟ್ಟು, ಉಳಿದ ಹತ್ತು ಮಂದಿಗೆ ದಿನಕ್ಕೆ ಆರು ಗಂಟೆ ತಾನೇ ಪಾಠ ಹೇಳಿದವಳು. ಚೆನ್ನಾಗಿ ಓದಲು ಬರುವವರೆಗೆ ಹೆಣ್ಣುಮಕ್ಕಳ ಕೈಗೆ ಹೊಲಿಗೆ ಕೊಡಬಾರದೆಂಬ ನಿಯಮವನ್ನು ಆ ಕಾಲದಲ್ಲೇ ಇಟ್ಟುಕೊಂಡಿದ್ದಳು. ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ಕೀರ್ತಿಯನ್ನು ಹೇಳಿ ಕಥೆ ಅಲ್ಲಿಗೇ ಮುಗಿಸುತ್ತಾರೆ. ಉಳಿದ ಕಥೆಯನ್ನು ನಾನು ಹೇಳುತ್ತೇನೆ. 1709ರಲ್ಲಿ ಅವರ ಮನೆ ಸುಟ್ಟು ಮಕ್ಕಳು ಬೇರೆ ಬೇರೆ ಮನೆಗಳಲ್ಲಿ ಚದುರಿದಾಗ, ಅಷ್ಟು ವರ್ಷಗಳ ಶಿಸ್ತು ತಿಂಗಳುಗಳಲ್ಲಿ ಕರಗಿತು. ಅವಳು ಮತ್ತೆ ಮೊದಲಿನಿಂದ ಆರಂಭಿಸಿದಳು. ಅವಳ ಗಂಡುಮಕ್ಕಳು ಮುಂದೆ ಲಂಡನ್ನಿನ ಶಾಲೆಗಳಿಗೇ ಹೋದರು. ಜಾನ್ ಹೋದದ್ದು ಹತ್ತರ ಹರೆಯದಲ್ಲಿ. ಅದೇ ಮೇಜಿನಲ್ಲಿ ಕಲಿತ ಮಗಳು ಹೆಟ್ಟಿ ಅಣ್ಣತಮ್ಮಂದಿರಿಗೆ ಬುದ್ಧಿಯಲ್ಲಿ ಸರಿಸಮಳು, ಕವಯಿತ್ರಿ. 1725ರಲ್ಲಿ ಒಬ್ಬನನ್ನು ನಂಬಿ ಮೋಸಹೋದಳು. ತಂದೆ ಕ್ಷಮಿಸಲಿಲ್ಲ. ಒಲ್ಲದ ಮದುವೆ, ಶೈಶವದಲ್ಲೇ ತೀರಿಕೊಂಡ ಕೂಸುಗಳು, ಇವು ಅವಳ ಪಾಲಿಗೆ ಬಂದವು. ತಾಯಿ ಒಬ್ಬಳೇ, ಪಾಠವೂ ಒಂದೇ. ಮಕ್ಕಳ ಬಾಳನ್ನು ಗಳಿಕೆಯ ಲೆಕ್ಕದಂತೆ ನೋಡುವವರು, ಸುಸಾನಾ ಗೆದ್ದಳೋ ಸೋತಳೋ ಹೇಳಲಿ ನೋಡೋಣ!

ಹಾಗಾದರೆ ಅವಳ ಶ್ರಮಕ್ಕೆ ಅರ್ಥವೇನು? ನನಗೆ ತಿಳಿದಷ್ಟು ಹೇಳುತ್ತೇನೆ. ಧರ್ಮೋಪದೇಶಕಾಂಡದಲ್ಲಿ ದೇವರು ಹೆತ್ತವರಿಗೆ ಒಪ್ಪಿಸಿದ್ದು ಫಲವನ್ನಲ್ಲ, ಮಾತನ್ನು. ಮನೆಯಲ್ಲಿ ಕುಳಿತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಡನೆ ಆಡಬೇಕಾದ ಮಾತು ಅದು. ಮಗು ಅವಳಿಗೆ ಕೆಲವು ಕಾಲಕ್ಕೆ ಒಪ್ಪಿಸಲಾದ ಜೀವ, ಅವಳ ಸಾಧನೆಯ ಪದಕವಲ್ಲ. ಆ ದಿನದ ಪಾಠವನ್ನು ಆ ದಿನ ಪ್ರೀತಿಯಿಂದ ಹೇಳಿದರೆ ಆ ದಿನದ ಕರೆಗೆ ಓಗೊಟ್ಟಂತಾಯಿತು. ಶಾಲೆಯ ಮಾಸ್ತರನಿಗಿರುವ ಉದ್ದೇಶವೂ ಇಷ್ಟೇ. ಬಿತ್ತುವವನಿಗೆ ಬಿತ್ತನೆಯ ಲೆಕ್ಕ ಕೇಳಬಹುದು, ಮಳೆಯ ಲೆಕ್ಕ ಕೇಳಬಾರದು.

ಉತ್ತೇಜನ ಹೇಗಿರಬೇಕೆಂಬುದಕ್ಕೆ ಪ್ರವಾದಿ ಎಲೀಯನ ಕಥೆಯೇ ಸಾಕು. ದಣಿದು, ಇನ್ನು ಸಾಕು, ಸಾವು ಬರಲಿ ಎಂದು ಅವನು ಅರಣ್ಯದ ಗಿಡವೊಂದರ ಕೆಳಗೆ ಮಲಗಿದಾಗ ದೇವರು ಪ್ರಸಂಗ ಕಳುಹಿಸಲಿಲ್ಲ. ಎರಡು ಸಲ ರೊಟ್ಟಿ, ನೀರು, ನಡುವೆ ನಿದ್ರೆ ಕೊಟ್ಟನು. ಆಮೇಲೆ ಅವನ ದುಃಖವನ್ನು ಕೇಳಿದನು. ಮುಂದಿನ ಕೆಲಸವನ್ನು ಒಪ್ಪಿಸಿದನು, ನೆರವಿಗೆ ಎಲೀಷನನ್ನು ತೋರಿಸಿದನು. ನೀನು ಒಬ್ಬಂಟಿಯಲ್ಲ, ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎಂದನು. ವಿಶ್ರಾಂತಿ, ಕೇಳುವ ಕಿವಿ, ಕೈಗೆಟುಕುವಷ್ಟು ಕೆಲಸ, ಜೊತೆಗಾರರು. ನಮ್ಮ ಹುಡುಗಿಗೆ ಬೇಕಾಗಿದ್ದದ್ದು ಇವೇ. ನಾವು ಕೊಟ್ಟದ್ದು ನಗು.

ಮಗಳೇ, ಈಗ ಮಾಮನ ಮಾತು ನಿನಗೆ. ನಿನ್ನ ಪರವಾಗಿ ವಾದಿಸಿದೆನೆಂದು ನಿನ್ನನ್ನು ಸುಮ್ಮನೆ ಬಿಡುವವನಲ್ಲ. ಹೀಗೆ ಮನೆಯಲ್ಲೇ ಓದಿ ಬೆಳೆದವರು ಕೆಲವರು ಸೇರಿ, ಮನೆಶಾಲೆಯ ಮಕ್ಕಳ ಹಿತಕ್ಕಾಗಿ 2013ರಲ್ಲಿ ಅಲ್ಲೇ ಒಂದು ಸಂಸ್ಥೆ ಕಟ್ಟಿದ್ದಾರೆ. ಅವರಲ್ಲಿ ಅಕ್ಷರ ವಂಚಿತರಾದವರೂ ಪೆಟ್ಟು ತಿಂದವರೂ ಇದ್ದಾರೆ. ಅವರ ಮಾತನ್ನು ವೈರಿಗಳ ಮಾತೆಂದು ತಳ್ಳಬೇಡ. ನಿನ್ನ ಮಕ್ಕಳ ಓದನ್ನು ವರ್ಷಕ್ಕೊಮ್ಮೆಯಾದರೂ ಹೊರಗಿನ ಒಬ್ಬ ಶಿಕ್ಷಕರು ಪರೀಕ್ಷಿಸಲಿ. ನ್ಯೂಯಾರ್ಕಿನಂಥ ಪ್ರಾಂತಗಳಲ್ಲಿ ವರದಿ ಒಪ್ಪಿಸುವುದು ಕಡ್ಡಾಯ. ನಿನಗೆ ಕಡ್ಡಾಯವಿಲ್ಲದಿದ್ದರೂ ನೀನೇ ಮಾಡು. ನೀನಲ್ಲದ ಇನ್ನೊಬ್ಬ ಹಿರಿಯರ ಬಳಿ ಮಕ್ಕಳು ಮನಸ್ಸು ಬಿಚ್ಚುವ ಅವಕಾಶವಿರಲಿ. ಅವರು ಪ್ರಶ್ನೆ ಕೇಳಿದರೆ ಹೆದರಬೇಡ. ನಜರೇತಿನ ಮನೆಯಲ್ಲಿ ಬೆಳೆದ ಬಾಲಕನೂ ಹನ್ನೆರಡರಲ್ಲಿ ದೇವಾಲಯದ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳಿದನು. ಲೋಕದ ಭಯದಿಂದ ಬಾಗಿಲು ಮುಚ್ಚುವುದು ಬೇರೆ, ಪ್ರೀತಿಯಿಂದ ಬಳಿಯಲ್ಲಿ ಕೂಡಿಸಿಕೊಳ್ಳುವುದು ಬೇರೆ. ಎಂದಾದರೂ ಶಾಲೆಯೇ ಮೇಲೆನಿಸಿದರೆ ಕಳುಹಿಸು, ಅದು ಸೋಲಲ್ಲ. ಸುಸಾನಾಳೂ ಕಳುಹಿಸಿದಳು.

ಬಂಧುಗಳೇ, ಇನ್ನು ನಮ್ಮ ಸರದಿ. ನಮ್ಮಲ್ಲಿ ನಿವೃತ್ತ ಶಿಕ್ಷಕರು ನಾಲ್ವರಿದ್ದೇವೆ, ಬ್ಯಾಂಕಿನವರು ಇಬ್ಬರು, ದಾದಿ ಒಬ್ಬರು. ವಾರಕ್ಕೆ ಅರ್ಧ ಗಂಟೆ ಆ ಮಕ್ಕಳಿಗೆ ಫೋನಿನಲ್ಲಿ ಏನಾದರೂ ಕಲಿಸಿದರೆ ಅವರ ತಾಯಿಗೆ ಅರ್ಧ ಗಂಟೆ ನಿದ್ರೆ ಸಿಗುತ್ತದೆ. ನಾನು ಶನಿವಾರ ಸಂಜೆಯನ್ನು ತೆಗೆದುಕೊಂಡಿದ್ದೇನೆ. ಕಳೆದ ವಾರ ಹಿರಿಯವನಿಗೆ ಕನ್ನಡದ ಒತ್ತಕ್ಷರ ಹೇಳಿಕೊಟ್ಟೆ. ನಡುವೆ ಅವನು, “ಅಜ್ಜಾ, ಅಮ್ಮ ಮಲಗ್ಯಾಳ, ಸಣ್ಣಗೆ ಮಾತಾಡ್ರಿ” ಎಂದನು.

ಉಳಿದ ಆರು ದಿನಗಳು ಖಾಲಿ ಇವೆ.

ನಿಮ್ಮ ಹಳೆಯ ಮಾಸ್ತರು